ಇವತ್ತು ಯಾರ ಮನೆ ಊಟ

ಹುಲ್ಲು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಕೆಲವರು ಬಗ್ಗಿ ನೋಡುತ್ತಾರೆ, ಕೆಲವರು ಒಂದೆಸಳು ಕಿತ್ತು ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ. ಹಾಸಿಗೆಯವನು ಮಾತ್ರ ಅದರ ಮೇಲೆ ಮಲಗುತ್ತಿದ್ದ. ಕಾಲು ಚಾಚಿ, ಕೈಗಳನ್ನು ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ, ನೋಡಿದವರು ಗಾಬರಿಯಾಗುವಷ್ಟು ನೆಮ್ಮದಿಯಾಗಿ ಮಲಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ತಿರುಗಿ ನಿಂತು, ತನ್ನ ಮೈ ಒತ್ತಿದ ಜಾಗವನ್ನು ದಿಟ್ಟಿಸುತ್ತಿದ್ದ. ಹುಲ್ಲು ಬಿದ್ದಲ್ಲೇ ಬಿದ್ದಿದ್ದರೆ ಅದು ಇನ್ನೂ ಎಳಸು. ಎದ್ದ ಕೂಡಲೇ ಸೆಟೆದು ನಿಂತು, ಬೆನ್ನಿಗೂ ಚುಚ್ಚಿದ್ದರೆ ಅದು ಬಲಿತುಹೋಗಿದೆ, ಹಸು ಬಾಯಿ ಹಾಕಿದರೂ ಮನಸ್ಸಿಲ್ಲದೆ ಹಾಕುತ್ತದೆ. ಒಂದೊಂದೇ ಎಸಳು, ಮುನಿಸು ಇಳಿಯುತ್ತಿರುವವರ ಹಾಗೆ ನಿಧಾನಕ್ಕೆ ತಲೆಯೆತ್ತಿದರೆ ಹದ.

ಈ ವಿದ್ಯೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಅಪ್ಪ, ಅಜ್ಜ ಹಾಸಿಗೆ ಹೊಲಿಯುವವರು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಬೀದಿ ಬೀದಿ ತಿರುಗಿ, ಜನರ ಅಂಗಳದಲ್ಲಿ ಅವರ ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಮತ್ತೆ ಮೋಡ ಮಾಡಿ, ತುಂಬಿ, ಹೊಲಿದು, ಕೊಡುವ ಮೊದಲು ತಾವೇ ಒಮ್ಮೆ ಅದರ ಮೇಲೆ ಮಲಗಿ ಎದ್ದು ನೋಡುವವರು. ಅವನ ಬೆನ್ನು ಆ ಶಾಲೆಯಲ್ಲಿ ಕಲಿತದ್ದು. ಹತ್ತಿ ಬಿಟ್ಟು ಹುಲ್ಲಿಗೆ ಬಂದರೂ ಬೆನ್ನು ಅದೇ ತಾನೇ.

ಅವನು ಈ ಮನೆಗೆ ಬಂದದ್ದೂ ಒಂದು ಹಾಸಿಗೆಯ ನೆಪದಿಂದಲೇ. ಮನೆಯೊಡತಿಯ ಹಾಸಿಗೆ ನಡುವೆ ಗುಳಿಬಿದ್ದು, ಮಲಗಿದವರು ಬೆಳಗಾಗುವಷ್ಟರಲ್ಲಿ ಬಾವಿಗೆ ಬಿದ್ದವರಂತೆ ಏಳುತ್ತಿದ್ದರಂತೆ. ಅಂಗಳದಲ್ಲಿ ಹತ್ತಿ ಹಿಂಜುವಾಗ ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಆ ಮನೆಯ ಒಬ್ಬಳೇ ಮಗಳು ಬಂದಳು. ಅವಳ ತಲೆಗೂದಲ ಮೇಲೆಲ್ಲ ಹತ್ತಿಯ ಎಳೆ. ಬೇಗ ಮುಗಿಯಬೇಕಿದ್ದ ಹಾಸಿಗೆ ಅದೇಕೋ ಮುಗಿಯಲೇ ಇಲ್ಲ. ಕೊನೆಗೆ ಮುಗಿಯುವ ಹೊತ್ತಿಗೆ ಇಬ್ಬರ ಮಾತೂ ಮುಗಿದಿತ್ತು. ಹಸುಗಳನ್ನು ಬಿಟ್ಟು ತಾನೆಲ್ಲಿಗೂ ಬರುವುದಿಲ್ಲ ಎಂದು ಅವಳು, ಹಾಗಾದರೆ ತಾನೇ ಇಲ್ಲಿರುತ್ತೇನೆ ಎಂದು ಅವನು. ದಿನಾ ಬೆಳಿಗ್ಗೆ ಹಾಲು ಒಯ್ಯಲು ಬರುವ ಗಾಡಿಯವನು ಅದನ್ನು ಊರಿಗೆಲ್ಲ ಸಾರಿದ: "ಕೆಲಸಕ್ಕೆ ಬಂದೋರು ಕೂಲಿ ಇಸ್ಕೊಂಡು ಹೋಗ್ತಾರೆ, ಇವನು ಮನೆ ಮಗಳನ್ನೇ ಇಸ್ಕೊಂಡು ಇಲ್ಲೇ ಉಳಿದ!"

ಮನೆ ಅಳಿಯನ ಬಾಳು ವಿಚಿತ್ರವಾದದ್ದು. ಊಟಕ್ಕೆ ಮೊದಲ ತಟ್ಟೆ ಅವನದು, ಮಾತಿಗೆ ಕೊನೆಯ ಸರದಿ. ಅತ್ತೆಯೇನೋ ಬಾಯಿತುಂಬ ಅಳಿಯಂದ್ರೇ ಎಂದು ಕರೆದು ಮನಸ್ಸು ತುಂಬ ಬಡಿಸುತ್ತಿದ್ದಳು. ಮಾವನೂ ಅಳಿಯಂದಿರೇ ಎಂದೇ ಕರೆಯುತ್ತಿದ್ದರು. ಆದರೆ ಮಾವನ ಬಾಯಲ್ಲಿ ಅದು, ಬಾಗಿಲಲ್ಲಿ ನಿಂತ ಅಪರಿಚಿತರಿಗೆ ಚಾಪೆ ಹಾಸಿದ ಹಾಗೆ ಕೇಳಿಸುತ್ತಿತ್ತು. ಕೂತುಕೊಳ್ಳಿ ಎಂದರ್ಥ, ಒಳಗೆ ಬನ್ನಿ ಎಂದಲ್ಲ. "ಅಳಿಯಂದಿರೇ, ಆ ಗೂಟ ಈ ಕಡೆ. ಅಳಿಯಂದಿರೇ, ನೀರಿನ ತೊಟ್ಟಿ ತುಂಬಿಸಿ." ಮದುವೆಯಾಗಿ ವರ್ಷಗಳು ಉರುಳಿದರೂ ಮಾವ ಅವನನ್ನು ಒಮ್ಮೆಯೂ ಬೈದಿರಲಿಲ್ಲ. ಬೈಯುವಷ್ಟು ಹತ್ತಿರಕ್ಕೆ ಬಿಟ್ಟುಕೊಂಡೇ ಇರಲಿಲ್ಲ.

ಜಮೀನು ದೊಡ್ಡದೇನಲ್ಲ. ಒಂದು ಇಳಿಜಾರು, ಅದರ ನೆತ್ತಿಯಲ್ಲಿ ಮನೆ, ಮನೆಗೆ ಅಂಟಿಕೊಂಡು ಕೊಟ್ಟಿಗೆ, ಕೊಟ್ಟಿಗೆಯಿಂದ ಕೆಳಗಿನ ಹಳ್ಳದವರೆಗೆ ಒಂದು ಓಣಿ. ಓಣಿಯ ಎರಡೂ ಬದಿಗೆ ಹುಲ್ಲಿನ ಪಟ್ಟಿಗಳು. ಪಟ್ಟಿಗೂ ಪಟ್ಟಿಗೂ ನಡುವೆ ಗೂಟ ನೆಟ್ಟು ಹಗ್ಗ ಎಳೆದ ಬೇಲಿ, ಓಣಿಯ ಕಡೆ ಬಾಗಿಲಿನಂತೆ ಒಂದು ಅಡ್ಡಗೋಲು. ಬೆಳಿಗ್ಗೆ ಹಾಲು ಕರೆದಾದ ಮೇಲೆ ಒಂದು ಪಟ್ಟಿಯ ಅಡ್ಡಗೋಲು ತೆಗೆದರೆ ಹಸುಗಳಿಗೆ ಆ ದಿನವೆಲ್ಲ ಅಲ್ಲೇ ಮೇವು. ಮರುದಿನ ಬೇರೆ ಪಟ್ಟಿ. ಮೇದ ಪಟ್ಟಿ ಮತ್ತೆ ಮೊಣಕಾಲಿನೆತ್ತರ ಏಳುವವರೆಗೆ ಅದರ ತಂಟೆಗೆ ಹೋಗಬಾರದು. ಹಿಂಡಿ, ಬೂಸಾ, ಚೀಲದಲ್ಲಿ ಬರುವ ಇನ್ಯಾವ ಮೇವೂ ಆ ಕೊಟ್ಟಿಗೆಯ ಹೊಸ್ತಿಲು ದಾಟಿರಲಿಲ್ಲ. ಹುಲ್ಲು ಎಷ್ಟೋ ಅಷ್ಟೇ ಹಸು, ಹಸು ಎಷ್ಟೋ ಅಷ್ಟೇ ಹಾಲು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದು ಮಾವ ಹೇಳುವಾಗೆಲ್ಲ, ಪಾಪ, ಹಾಸಿಗೆಯವನು ಅದು ತನಗೇ ಹೇಳಿದ್ದೇನೋ ಎಂದು ಕಾಲು ಮಡಚಿಕೊಳ್ಳುತ್ತಿದ್ದ.

ಆ ಪಟ್ಟಿಗಳಿಗೆ ಮಾವನ ಅಪ್ಪ ತನ್ನ ನೆಂಟರ ಹೆಸರಿಟ್ಟು ಹೋಗಿದ್ದ. ಮೇಲಿನದು ಅಜ್ಜಿ. ಹಳೆಯ ನೆಲ, ಸ್ವಲ್ಪವೇ ಕೊಟ್ಟರೂ ಇಲ್ಲ ಎಂದದ್ದಿಲ್ಲ. ಅದರ ಕೆಳಗೆ ದೊಡ್ಡಪ್ಪ. ಕಲ್ಲು ಜಾಸ್ತಿ, ಒಮ್ಮೆ ಮೇದರೆ ಮತ್ತೆ ತಲೆಯೆತ್ತಲು ಯುಗ ಬೇಕು. ದೊಡ್ಡಪ್ಪನಿಗೆ ತಾಗಿಕೊಂಡು ಚಿಕ್ಕಮ್ಮ. ಎಷ್ಟು ಮೇದರೂ ಮತ್ತೆ ಬಡಿಸುವ ಕೈ, ಹುಲ್ಲಿನ ನಡುವೆ ಮೂರೆಲೆಯ ಸಿಹಿ ಸೊಪ್ಪು ಬೇರೆ. ಓಣಿಯ ಆಚೆ ಸೋದರತ್ತೆ. ಸದಾ ತೇವ, ಕಾಲಿಟ್ಟರೆ ಕಣ್ಣೀರು. ಅವಳ ಪಕ್ಕ ಭಾವ. ದೂರದಿಂದ ನೋಡಿದರೆ ಎದೆಯೆತ್ತರ, ಹತ್ತಿರ ಹೋದರೆ ಬರೀ ಕಡ್ಡಿ. ಹೀಗೆ ಕೆಳಗಿನವರೆಗೆ ಇನ್ನೂ ಎಷ್ಟೋ ನೆಂಟರು. ಆ ನೆಂಟರೆಲ್ಲ ಸತ್ತು ಎಷ್ಟೋ ಕಾಲವಾಗಿತ್ತು. ಅವರ ಗುಣ ಮಾತ್ರ ನೆಲದಲ್ಲಿ ಚಿಗುರುತ್ತ, ಮೇಯಿಸಿಕೊಳ್ಳುತ್ತ, ಮತ್ತೆ ಚಿಗುರುತ್ತ ಉಳಿದಿತ್ತು.

ಪ್ರತಿ ಬೆಳಿಗ್ಗೆ ಮಾವ ಓಣಿಯ ತಲೆಯಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಇಳಿಜಾರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕೂಗುತ್ತಿದ್ದರು: "ಇವತ್ತು ಚಿಕ್ಕಮ್ಮನ ಮನೆ ಊಟ!" ಮನೆಯೊಳಗಿನಿಂದ ಅತ್ತೆ, "ಚಿಕ್ಕಮ್ಮಂಗೆ ಕೇಳಿದೀವಿ ಅಂತ ಹೇಳಿ" ಎನ್ನುತ್ತಿದ್ದಳು. ಮುಂದಾಳು ಹಸು ಚುಕ್ಕಿ, ಹಣೆಯ ಬಿಳಿ ಬೊಟ್ಟನ್ನು ಅಲ್ಲಾಡಿಸುತ್ತ ನಡೆದರೆ ಉಳಿದವು ಅದರ ಹಿಂದೆ. ಅಡ್ಡಗೋಲು ತೆಗೆಯುವುದು ಮಾವನ ಕೈ, ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಉಂಡ ಮನೆಗೆ ಬೇಗ ಮರಳಬಾರದು, ಅವರ ಒಲೆ ಮತ್ತೆ ಹೊತ್ತುವವರೆಗೆ ಕಾಯಬೇಕು ಎನ್ನುವುದು ಮಾವ ಕಲಿಸಿದ ಒಂದೇ ಪಾಠ. ಹಾಸಿಗೆಯವನು ಆ ಪಾಠ ಕೇಳಿದಾಗೆಲ್ಲ ಒಳಗೊಳಗೇ ನಗುತ್ತಿದ್ದ. ಹಸುಗಳಾದರೂ ದಿನಾ ಮನೆ ಬದಲಾಯಿಸುತ್ತಿದ್ದವು. ಉಂಡ ಮನೆಯಲ್ಲೇ ಬೇರುಬಿಟ್ಟ ನೆಂಟ ಅವನೊಬ್ಬನೇ.

ಓಣಿಯ ಕೊನೆಯಲ್ಲಿ, ಹಳ್ಳದ ದಂಡೆಯ ಮೇಲೆ, ಹೆಸರಿಲ್ಲದ ಒಂದು ಪಟ್ಟಿಯಿತ್ತು. ಹಾಸಿಗೆಯವನು ಬಂದಾಗ ಅದು ಬರೀ ಮುಳ್ಳುಕಂಟಿ. ಬಿಡುವಾದಾಗೆಲ್ಲ ಹೋಗಿ ಅವನು ಕಂಟಿ ಕಡಿದ, ಬೇರು ಕಿತ್ತ, ಕೊಟ್ಟಿಗೆಯ ಸಗಣಿ ಹೊತ್ತು ಹಾಕಿದ. ತನ್ನ ಹಳೆಯ ಮನೆಯ ಮೂಲೆಯಲ್ಲಿ ಅಪ್ಪನ ಕಾಲದಿಂದ ಕೊಳೆಯುತ್ತಿದ್ದ ರದ್ದಿ ಹತ್ತಿಯನ್ನು ತಂದು ಮಣ್ಣಿನ ಮೇಲೆ ಹಾಸಿದ. ಒಣಹುಲ್ಲು ಒಟ್ಟುವ ಅಟ್ಟದ ನೆಲ ಗುಡಿಸಿ, ಅಲ್ಲಿ ಉದುರಿದ್ದ ಎಲ್ಲ ನೆಂಟರ ಬೀಜವನ್ನೂ ಬೆರೆಸಿ ಎರಚಿದ. ನಿಧಾನಕ್ಕೆ ಹಸಿರು ಬಂತು. ಮಾವ ಒಂದು ಸಲ ಕೋಲೂರಿಕೊಂಡು ಬಂದು ನೋಡಿ, "ಇನ್ನೂ ಮನೆ ಆಗಿಲ್ಲ" ಎಂದು ತಿರುಗಿ ಹೋದರು. ಅಂದಿನಿಂದ ಹಾಸಿಗೆಯವನು ಅದರ ಹುಲ್ಲನ್ನು ಕುಡುಗೋಲಿನಲ್ಲಿ ಕೊಯ್ದು ಒಣಗಿಸಿ ಅಟ್ಟಕ್ಕೆ ಹಾಕುತ್ತಿದ್ದ. ಹಸುಗಳನ್ನು ಬಿಡಲಿಲ್ಲ. ಅವನಿಗೆ ಬಾಳಿನಲ್ಲಿ ಬೇರೇನೂ ಬೇಕಿರಲಿಲ್ಲ. ಒಂದು ಬೆಳಿಗ್ಗೆ ಮಾವ ತಮ್ಮ ಕೈಯಾರೆ ಆ ಅಡ್ಡಗೋಲು ತೆಗೆದು, ಅದನ್ನೊಂದು ಹೆಸರು ಹಿಡಿದು ಕೂಗಿದ್ದರೆ ಸಾಕಿತ್ತು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳದಿದ್ದರೇನು, ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಮಾವನ ಕಣ್ಣಿಗೆ ಪೊರೆ ಬಂತು.

ಮಾವ ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಜಾಯಮಾನವೇ ಅಲ್ಲ. ಚಹಾದ ಲೋಟಕ್ಕೆ ಕೈ ಹಾಕಿ ಪಕ್ಕದ ಗಾಳಿಯನ್ನು ಹಿಡಿದಾಗ, "ಯಾರಿದನ್ನ ಅಲ್ಲಿಟ್ಟೋರು?" ಎಂದು ಲೋಟಕ್ಕೇ ಗದರುತ್ತಿದ್ದರು. ಮನೆಯವರೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಒಂದು ಬೆಳಿಗ್ಗೆ ಎಂದಿನಂತೆ ಹಣೆಗೆ ಕೈ ಹಿಡಿದು ನೋಡಿ, "ಇವತ್ತು ದೊಡ್ಡಪ್ಪನ ಮನೆ ಊಟ!" ಎಂದು ಕೂಗಿ ಅಡ್ಡಗೋಲು ತೆಗೆದುಬಿಟ್ಟರು. ದೊಡ್ಡಪ್ಪನ ಮನೆಯಲ್ಲಿ ಹಸುಗಳು ಉಂಡು ಬಂದದ್ದು ಮೊನ್ನೆ ಮೊನ್ನೆ. ಹುಲ್ಲು ಇನ್ನೂ ಬೆರಳುದ್ದ. ಆಗಷ್ಟೇ ಉಸಿರು ತೆಗೆದುಕೊಳ್ಳುತ್ತಿರುವ ಹುಲ್ಲನ್ನು ಮತ್ತೆ ಕಚ್ಚಿಸಿದರೆ ಬೇರಿನಲ್ಲಿರುವ ಬಲವೂ ಹೋಗುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಆ ಪಟ್ಟಿ ಸತ್ತಂತೆ. ಪಟ್ಟಿಗಳು ಸತ್ತರೆ ಹಸು ಮಾರಬೇಕು. ಹಸು ಮಾರಿದ ಮೇಲೆ ಆ ಮನೆಯಲ್ಲಿ ಉಳಿಯುವುದೇನು?

ಹಾಸಿಗೆಯವನು ಬಾಯಿ ತೆರೆದ. ಹೆಂಡತಿ ಅವನ ತೋಳು ಒತ್ತಿದಳು.

"ಹೇಳ್ಬೇಡಿ ರೀ," ಅಂದಳು ಪಿಸುದನಿಯಲ್ಲಿ. "ಆ ಅಡ್ಡಗೋಲು ಅವರ ಕೈಯಿಂದ ಹೋದ್ರೆ ಅಪ್ಪ ಉಳಿಯಲ್ಲ."

ಮಾವ ಬೆನ್ನು ತಿರುಗಿಸಿ ಓಣಿ ಹತ್ತತೊಡಗಿದರು. ಹಾಸಿಗೆಯವನು ಸದ್ದಿಲ್ಲದೆ ಒಳಗೆ ನುಗ್ಗಿ, ದೊಡ್ಡಪ್ಪನಿಗೂ ಚಿಕ್ಕಮ್ಮನಿಗೂ ನಡುವಿನ ಎರಡು ಗೂಟ ಕಿತ್ತು ಹಗ್ಗ ನೆಲಕ್ಕಿಳಿಸಿದ. ಚುಕ್ಕಿಗೆ ಬೇರೆ ಹೇಳಬೇಕೇ? ಹಗ್ಗ ದಾಟಿ ಚಿಕ್ಕಮ್ಮನ ಮನೆ ಹೊಕ್ಕಿತು, ಉಳಿದವು ಹಿಂಬಾಲಿಸಿದವು. ಮೊಣಕಾಲಿನೆತ್ತರದ ಹುಲ್ಲು ನಾಲಿಗೆಗೆ ಸುತ್ತಿಕೊಂಡು ಸರ್ ಸರ್ ಎಂದು ಹರಿಯತೊಡಗಿತು. ಓಣಿಯ ನಡುವೆ ಮಾವ ಒಮ್ಮೆ ನಿಂತರು. ತಲೆ ಒಂದು ಕಡೆಗೆ ವಾಲಿಸಿ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಮನೆಯ ಕಡೆ ನಡೆದರು.

ಅಂದು ರಾತ್ರಿ ಊಟದ ನಡುವೆ ಮಾವ ಎಂದೂ ಇಲ್ಲದ ಒಂದು ಮಾತು ಆಡಿದರು. "ನಾಳೆ ಭಾವನ ಮನೆ."

ಅತ್ತೆ ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿದಳು. "ಇದೇನು ಹೊಸದು? ಬೆಳಿಗ್ಗೆ ಹೇಳೋ ಮಾತು ಈಗ್ಯಾಕೆ? ಇವತ್ತಿನ ಊಟ ಮುಗಿಯೋಕ್ಮುಂಚೆ ನಾಳೆ ಊಟದ ಚಿಂತೆ!"

"ವಯಸ್ಸಾಯ್ತಲ್ಲ. ಬೆಳಿಗ್ಗೆವರೆಗೆ ನೆನಪಿರುತ್ತೋ ಇಲ್ವೋ," ಅಂದರು ಮಾವ, ತಟ್ಟೆಯಿಂದ ತಲೆಯೆತ್ತದೆ.

ಹಾಸಿಗೆಯವನಿಗೆ ಹೋದ ಜೀವ ಬಂದಂತಾಯಿತು. ಯಾವ ಅಡ್ಡಗೋಲು ತೆಗೆಯುತ್ತಾರೆಂದು ಹಿಂದಿನ ದಿನವೇ ಗೊತ್ತಾದರೆ ಮುಂದಿನದು ಸುಲಭ. ದೇವರೇ ಮಾವನ ಬಾಯಲ್ಲಿ ಹೇಳಿಸಿದ ಎಂದುಕೊಂಡ. ದೇವರಿಗೆ ಮಾಡಲು ಬೇರೆ ಕೆಲಸವಿದೆ ಎನ್ನುವುದು ಅವನಿಗೆ ಹೊಳೆಯಲಿಲ್ಲ.

ಅಂದಿನಿಂದ ಶುರುವಾದದ್ದು ಆ ಬೆಳಗುಗಳು. ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ ಅವನು ಓಣಿ ಇಳಿಯುತ್ತಿದ್ದ. ಹಳ್ಳದಿಂದ ಮಂಜು ಎದ್ದು ಇಳಿಜಾರಿನ ಮೇಲೆಲ್ಲ ಹರಡಿ, ಗೂಟಗಳ ತಲೆ ಮಾತ್ರ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಅವನಿಗೆ ತಾನು ನಡೆಯುತ್ತಿರುವುದು ನೆಲದ ಮೇಲಲ್ಲ, ಅಪ್ಪ ಹಿಂಜಿ ರಾಶಿ ಹಾಕಿದ ಹತ್ತಿಯ ಮೇಲೆ ಎನ್ನಿಸುತ್ತಿತ್ತು. ಅಜ್ಜಿಯ ಮೇಲೆ ಒಂದು ಗಳಿಗೆ ಮಲಗುತ್ತಿದ್ದ, ಸೋದರತ್ತೆಯ ಮೇಲೆ ಒಂದು ಗಳಿಗೆ. ಕಣ್ಣು ಮುಚ್ಚಿದರೆ ಕೆಳಗೆ ಮಣ್ಣಿನ ತಂಪು, ಕಿವಿಯ ಹತ್ತಿರ ಯಾವುದೋ ಹುಳುವಿನ ನಡಿಗೆ, ಎಸಳಿನ ತುದಿಯಿಂದ ಇಬ್ಬನಿ ಜಾರಿ ಕತ್ತಿನೊಳಗೆ. ಅರ್ಧ ನಿದ್ದೆ, ಅರ್ಧ ಎಚ್ಚರ. ಆ ನಡುವಿನ ಜಾಗದಲ್ಲಿ ಹುಲ್ಲು ಬೆಳೆಯುವುದು ಬೆನ್ನಿಗೆ ತಿಳಿಯುತ್ತದೆ ಎಂದು ಅವನು ಹೆಂಡತಿಗೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು, ನಂಬುತ್ತಲೂ ಇದ್ದಳು.

ಹದವಾದ ಪಟ್ಟಿ ಸಿಕ್ಕಿದ ಮೇಲೆ ಹಗ್ಗದ ಕೆಲಸ. ಮಾವ ಹೇಳಿದ ಅಡ್ಡಗೋಲಿನ ಒಳಗಿನಿಂದ ಆ ಪಟ್ಟಿಯವರೆಗೆ ಎರಡು ಸಾಲು ಗೂಟ ನೆಟ್ಟು ಒಂದು ಸಣ್ಣ ಓಣಿ ಕಟ್ಟುತ್ತಿದ್ದ. ಪಕ್ಕದ ಮನೆಯಾದರೆ ಸುಲಭ. ಒಮ್ಮೊಮ್ಮೆ ಹಸುಗಳು ಅಜ್ಜಿಯ ಬಾಗಿಲಲ್ಲಿ ಹೊಕ್ಕು, ದೊಡ್ಡಪ್ಪನ ಅಂಗಳ ಹಾದು, ಇನ್ಯಾರದೋ ಅಡುಗೆಮನೆಯಲ್ಲಿ ಊಟಕ್ಕೆ ಕೂರಬೇಕಾಗುತ್ತಿತ್ತು. ಮಾವ ಬಂದು, ಕೂಗಿ, ಅಡ್ಡಗೋಲು ತೆಗೆದು ನಿಲ್ಲುತ್ತಿದ್ದರು. ಕಂದು ಬಣ್ಣದ ಮಸುಕುಗಳು ಹಸಿರು ಮಸುಕಿನೊಳಗೆ ಹೋಗುವುದು ಅವರಿಗೆ ಕಾಣುತ್ತಿದ್ದಿರಬೇಕು. ಅಷ್ಟೇ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಅತ್ತೆಗೆ ಏನೋ ವಾಸನೆ ಹತ್ತಿತು. ಅಳಿಯ ಬೆಳಗಾದರೆ ಬೆನ್ನಿನ ತುಂಬ ಹುಲ್ಲಿನ ಬೀಜ ಮೆತ್ತಿಕೊಂಡು ಒಳಗೆ ಬರುತ್ತಾನೆ. ಅವಳು ಮಗಳನ್ನು ಕೊಟ್ಟಿಗೆಯ ಮೂಲೆಗೆ ಕರೆದಳು.

"ಏನೇ, ನಿನ್ನ ಗಂಡ ಹಾಸಿಗೆ ಬಿಟ್ಟು ಹುಲ್ಲಲ್ಲಿ ಮಲಗ್ತಾರಾ? ಜಗಳ ಆಡಿದ್ದೀಯಾ?"

"ಇಲ್ಲಮ್ಮ. ಅವರಿಗೆ ಹೊರಗಡೆ ಗಾಳಿ ಬೇಕಂತೆ."

"ಇಡೀ ಊರಿಗೆ ಹಾಸಿಗೆ ಹೊಲಿದೋರು, ನನ್ನ ಮನೆ ಹಾಸಿಗೆ ಅವರಿಗೆ ಹಿಡಿಸ್ಲಿಲ್ವಾ?" ಅತ್ತೆ ಅಂದು ಮಧ್ಯಾಹ್ನವೇ ಅಳಿಯನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿದಳು. ತಪ್ಪು ಯಾರದೋ, ಪೆಟ್ಟು ಹಾಸಿಗೆಗೆ.

ಹಾಸಿಗೆಯವನು ಮಾತ್ರ ಒಳಗೊಳಗೇ ಕುಗ್ಗಿದ್ದ. ಉಂಡ ಮನೆಗೆ ಎರಡು ಬಗೆಯುತ್ತಿದ್ದೇನೆ ಎನ್ನುವುದು ಅವನ ಸಂಕಟ. ದಿನಾ ಬೆಳಿಗ್ಗೆ ಆ ಮುದುಕ ನೆಟ್ಟಗೆ ನಿಂತು ಗತ್ತಿನಿಂದ ಕೂಗುವುದನ್ನು, ತಾನು ಹಿಂದೆ ನಿಂತು ಕೈಕಟ್ಟಿಕೊಂಡು ಕೇಳುವುದನ್ನು ನೆನೆದರೆ ಅವನ ಕಣ್ಣು ತುಂಬುತ್ತಿತ್ತು. ಒಂದು ದಿನ ಹೆಂಡತಿಯೇ ಕೇಳಿದಳು.

"ಹೇಗೂ ತಿರುಗಿಸ್ತಾನೇ ಇದ್ದೀರಿ. ಒಂದು ದಿನ ನಮ್ಮ ಪಟ್ಟಿಗೇ ತಿರುಗಿಸಿ. ಅಪ್ಪಂಗೇನು ಕಾಣುತ್ತಾ?"

ಅವನ ನೋಟ ಹಳ್ಳದ ಕಡೆ ಹೋಯಿತು. ಆಸೆಯಿಲ್ಲ ಎಂದರೆ ಸುಳ್ಳಾಗುತ್ತಿತ್ತು.

"ಕಾಣಲ್ಲ ಅಂತಲೇ ಬೇಡ," ಅಂದ.

ಹೀಗೆ ಒಂದು ಕಾಲ ಕಳೆದು ಇನ್ನೊಂದು ಕಾಲ ಬಂತು. ದಿನಗಟ್ಟಲೆ ಮೋಡ ಕವಿದು, ಬಿಸಿಲೇ ಬೀಳದೆ, ಹುಲ್ಲು ಸೋಮಾರಿಯಾಯಿತು. ಎಲ್ಲ ನೆಂಟರೂ ಒಟ್ಟಿಗೆ ಬಡವರಾದಂತೆ ಕಂಡರು. ಅದೇ ಹೊತ್ತಿಗೆ ಒಂದು ಹಸು ಕರು ಹಾಕಿತು. ಹಿಂಗಾಲು ಮುಂದಾಗಿ ಬಂದ ಕರು. ಹೆಂಡತಿಯ ಜೊತೆ ಅವನೂ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದು, ಕರು ಎದ್ದು ನಿಂತು ಮೊಲೆ ಹಿಡಿದ ಮೇಲೆ ನೇರ ಓಣಿಗಿಳಿದ. ಹಿಂದಿನ ಸಂಜೆ ಮಾವ ಹೇಳಿದ್ದು ದೊಡ್ಡಪ್ಪನ ಮನೆ. ದೊಡ್ಡಪ್ಪನಲ್ಲಿ ಕಲ್ಲಿನ ನಡುವೆ ಹಸಿರು ಬರೀ ಬಣ್ಣಕ್ಕೆ. ಅಜ್ಜಿಯ ಮೇಲೆ ಮಲಗಿ ಎದ್ದ, ಹುಲ್ಲು ಏಳಲಿಲ್ಲ. ಸೋದರತ್ತೆ, ಭಾವ, ಉಳಿದ ನೆಂಟರು, ಯಾರೂ ಏಳಲಿಲ್ಲ. ಕೊನೆಗೆ ಚಿಕ್ಕಮ್ಮ. ಎಂದೂ ಇಲ್ಲ ಎನ್ನದ ಚಿಕ್ಕಮ್ಮನೂ ಅಂದು ಬಿದ್ದಲ್ಲೇ ಬಿದ್ದಿದ್ದಳು.

ಉಳಿದದ್ದು ಒಂದೇ. ಹಳ್ಳದ ದಂಡೆಯ, ಹೆಸರಿಲ್ಲದ, ಅವನದೇ ಪಟ್ಟಿ. ಅಲ್ಲಿ ಮಾತ್ರ ಹುಲ್ಲು ಮೊಣಕಾಲು ಮುಟ್ಟಿ, ತುದಿ ಬಾಗಿ, ಮಂಜಿನಲ್ಲಿ ತೂಗುತ್ತಿತ್ತು. ಹಗ್ಗ ಕಟ್ಟಿದರೆ ಹಸುಗಳ ಹೊಟ್ಟೆ ತುಂಬುತ್ತದೆ. ಆದರೆ ಯಾರೂ ಕರೆಯದ ಮನೆಗೆ, ಕುರುಡಾದ ಯಜಮಾನನ ಕಣ್ಣು ತಪ್ಪಿಸಿ ತನ್ನದೇ ಅಂಗಳಕ್ಕೆ ಅವರ ಹಸುಗಳನ್ನು ನುಗ್ಗಿಸುವುದು ಹೇಗೆ? ಕಟ್ಟದಿದ್ದರೆ ದೊಡ್ಡಪ್ಪ ಸಾಯುತ್ತಾನೆ, ಮಾವನ ತಪ್ಪು ಬಯಲಾಗುತ್ತದೆ. ಹಗ್ಗದ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಆ ಹುಲ್ಲಿನ ನಡುವೆ ಕೂತ. ಯೋಚಿಸಲೆಂದು ಕೂತ. ಕೂತದ್ದು ಒರಗಿದ್ದಾಯಿತು, ಒರಗಿದ್ದು ಮಲಗಿದ್ದಾಯಿತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆ ಮಿತಿಮೀರಿದವನಿಗೂ ಅಂಥದೇ ಒಂದು ನಿದ್ದೆಯಿದೆ.

ಕನಸಿನಲ್ಲಿ ಅಪ್ಪ ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ಹುರಿ ಮಿಡಿದಂತೆಲ್ಲ ಬಿಳಿಯ ಎಳೆಗಳು ಎದ್ದು, ಅಂಗಳ ದಾಟಿ, ಇಳಿಜಾರು ತುಂಬಿ, ಆಕಾಶಕ್ಕೆ ಸೇರುತ್ತಿದ್ದವು. ಆ ಬಿಳುಪಿನೊಳಗಿಂದ ಹಸುಗಳು ಒಂದೊಂದಾಗಿ ನಡೆದು ಬಂದು, ಗೊರಸಿನ ಸದ್ದೇ ಇಲ್ಲದೆ, ಹತ್ತಿಯನ್ನು ಮೇಯತೊಡಗಿದವು. "ತಿನ್ನಲಿ ಬಿಡು, ಮತ್ತೆ ಹಿಂಜಿದರಾಯಿತು" ಎಂದ ಅಪ್ಪ. ಬಿಲ್ಲಿನ ಸದ್ದು ನಿಧಾನಕ್ಕೆ ಬದಲಾಯಿತು. ಸರ್... ಸರ್... ಸರ್... ಯಾವುದೋ ಬಿಸಿಯುಸಿರು ಕಿವಿಗೆ ತಾಗಿತು, ಉಪ್ಪುಕಾಗದದಂಥ ಒರಟು ನಾಲಿಗೆಯೊಂದು ಕೆನ್ನೆ ನೆಕ್ಕಿತು.

ಕಣ್ಣು ತೆರೆದರೆ ಮೇಲೆ ಚುಕ್ಕಿಯ ಹಣೆಯ ಬಿಳಿ ಬೊಟ್ಟು. ಸುತ್ತಲೂ ಹಸುಗಳು. ಅವನ ಹುಲ್ಲು, ಅವನ ಪಟ್ಟಿ, ತಲೆಯ ಎಡಕ್ಕೂ ಬಲಕ್ಕೂ ಹರಿಯುತ್ತಿತ್ತು. ಅವನು ಧಡಕ್ಕನೆ ಎದ್ದು ಕೂತ. ಪಟ್ಟಿಯ ಬಾಗಿಲಲ್ಲಿ ಮಾವ ನಿಂತಿದ್ದರು. ಅಡ್ಡಗೋಲು ಅವರ ಕೈಯಲ್ಲಿತ್ತು.

"ಮಾವ, ನಾನು ಬಿಟ್ಟಿದ್ದಲ್ಲ. ಹೇಗೋ ಬಂದುಬಿಟ್ಟಿವೆ. ಈಗಲೇ ಆಚೆ ಹೊಡೀತೀನಿ..."

"ಕೂತ್ಕೊಳೋ ಸುಮ್ನೆ," ಅಂದರು ಮಾವ. "ಉಣ್ಣೋರನ್ನ ಎಬ್ಬಿಸ್ತಾರಾ ಯಾರಾದ್ರೂ?"

ಏಳಹೊರಟಿದ್ದ ಹಾಸಿಗೆಯವನು ಮತ್ತೆ ಕೂತ.

"ದೊಡ್ಡಪ್ಪನ ಮನೆ ತೆಗೆದೆ," ಅಂದರು ಮಾವ, ಎತ್ತಲೋ ನೋಡುತ್ತ. "ಹಸು ಒಳಗೆ ಹೋದ್ವು. ಹಲ್ಲು ನೆಲಕ್ಕೆ ಉಜ್ಜೋ ಸದ್ದು ಬಂತು, ಹುಲ್ಲು ಹರಿಯೋ ಸದ್ದು ಬರ್ಲಿಲ್ಲ. ಓಹೋ, ಇವತ್ತು ಅಳಿಯ ಹಗ್ಗ ಕಟ್ಟಿಲ್ಲ ಅಂದ್ಕೊಂಡೆ. ತಕ್ಷಣ ಈಚೆ ಕರೆದುಬಿಟ್ಟೆ."

"ನಿಮಗೆ... ಗೊತ್ತಿತ್ತಾ?"

"ಕಣ್ಣು ಮಂಜಾಗಿರಬಹುದು ಕಣಯ್ಯ, ಕಿವಿಗೇನು ಧಾಡಿ? ದೊಡ್ಡಪ್ಪನ ಹುಲ್ಲು ಕಟ್ ಕಟ್ ಅನ್ನುತ್ತೆ, ಚಿಕ್ಕಮ್ಮನ ಹುಲ್ಲು ಸರ್ ಅನ್ನುತ್ತೆ. ಹುಟ್ಟಿದಾಗಿಂದ ಕೇಳ್ತಾ ಇದ್ದೀನಿ. ಮೊದಲನೇ ದಿನಾನೇ ಗೊತ್ತಾಯ್ತು. ಇಲ್ದಿದ್ರೆ ರಾತ್ರಿ ಊಟಕ್ಕೆ ಕೂತು ನಾಳೆ ಯಾರ ಮನೆ ಅಂತ ಯಾಕೆ ಹೇಳ್ತಿದ್ದೆ? ಹೇಳದೆ ಇದ್ರೆ ನೀನು ಹಗ್ಗ ಎಲ್ಲಿ ಕಟ್ತಿದ್ದೆ?"

ಇಷ್ಟು ದಿನ ಹಾಸಿಗೆಯವನು ತಾನು ಮಾವನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದ. ಮಾವ ಅವನಿಗೆ ದಾರಿ ತೋರಿಸುತ್ತಿದ್ದರು. ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಸಾಲಿನಲ್ಲಿ ಕೂತು, ಇಬ್ಬರೂ ಒಬ್ಬರ ಮಾನವನ್ನು ಇನ್ನೊಬ್ಬರು ಮುಚ್ಚಿಟ್ಟುಕೊಂಡು ಬಂದಿದ್ದರು.

"ಇಲ್ಲಿಗೆ ಹೇಗೆ ಬಂದ್ರಿ?" ಅಂದ ಕೊನೆಗೆ.

"ಗೊರಕೆ. ಹುಲ್ಲು ಹದ ಇಲ್ಲದ ಕಡೆ ನಿನಗೆ ನಿದ್ದೆ ಹತ್ತಲ್ಲ. ಗೊರಕೆ ಎಲ್ಲಿಂದ ಬರ್ತಿದೆಯೋ ಅಲ್ಲೇ ಮೇವಿದೆ ಅಂತ ಬಂದೆ. ಗೂಟ ಮುಟ್ಕೊಂಡು ಮುಟ್ಕೊಂಡು ಬಂದೆ. ಹಳ್ಳದ ಸದ್ದು ಕೇಳಿದ ಮೇಲೆ ಗೊತ್ತಾಯ್ತು, ಇದು ಯಾರ ಬಾಗಿಲು ಅಂತ."

ಮಾವ ಒಂದು ಹೆಜ್ಜೆ ಒಳಗಿಟ್ಟರು. ಕೋಲಿನ ತುದಿಯಿಂದ ಹುಲ್ಲನ್ನು ಸವರಿದರು.

"ಒಂದು ದಿನಾನಾದ್ರೂ ಇಲ್ಲಿಗೆ ತಿರುಗಿಸ್ತೀಯ ಅಂತ ಕಾದೆ. ಕೈಯಲ್ಲಿ ಹಗ್ಗ ಇತ್ತು, ಕೇಳೋರು ಇರ್ಲಿಲ್ಲ. ಯಾಕೆ ತಿರುಗಿಸ್ಲಿಲ್ಲ?"

"ನೀವು ಹೇಳಿರ್ಲಿಲ್ಲ, ಮಾವ."

ಮಾವ ತಲೆ ವಾಲಿಸಿ ಆ ಹೊಸ ಹುಲ್ಲು ಹರಿಯುವ ಸದ್ದನ್ನು ಕೇಳಿಸಿಕೊಂಡರು. ಅಜ್ಜಿ, ಚಿಕ್ಕಮ್ಮ, ಸೋದರತ್ತೆ, ಎಲ್ಲರ ಬೀಜವೂ ಬೆರೆತ ಹುಲ್ಲು ಅದು. ಆಮೇಲೆ ಮನೆಯ ಕಡೆ ತಿರುಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಇಡೀ ಇಳಿಜಾರಿಗೆ ಕೇಳುವಂತೆ ಕೂಗಿದರು:

"ಏಯ್, ಕೇಳಿಸ್ತೇನೇ? ಇವತ್ತು ಅಳಿಯನ ಮನೆ ಊಟ!"

ಮೇಲೆ ಅಂಗಳದಲ್ಲಿ ಏನೋ ಪಾತ್ರೆ ಬಿದ್ದ ಸದ್ದು. ಹಾಲಿನ ಗಾಡಿಯವನು ಹಾರ್ನ್ ಹೊಡೆದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಹೆಂಡತಿ ಓಣಿಯ ತಲೆಗೆ ಓಡಿಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಅತ್ತೆಯ ಉತ್ತರ ಮಾತ್ರ ತಡವಾಗಿ ಬಂತು.

"ಅಳಿಯಂಗೆ... ಕೇಳಿದೀವಿ ಅಂತ ಹೇಳಿ!"

ಹಾಸಿಗೆಯವನು ಎದ್ದು ನಿಂತ, ಹಸುಗಳು ಮೇಯುತ್ತ ಮುಂದೆ ಸರಿದವು. ಅವನು ಮಲಗಿದ್ದ ಜಾಗವನ್ನು ಬಿಟ್ಟು ಸುತ್ತಲಿನ ಹುಲ್ಲನ್ನೆಲ್ಲ ನುಣ್ಣಗೆ ಮಾಡಿದ್ದವು. ನಡುವೆ ಒಬ್ಬ ಮನುಷ್ಯನ ಅಳತೆಯ ಹುಲ್ಲು, ಒಂದೊಂದೇ ಎಸಳಾಗಿ ತಲೆಯೆತ್ತುತ್ತಿತ್ತು. ಮಾವನ ಕೋಲು ಅದಕ್ಕೆ ತಾಗಿತು.

"ಇದೇನು, ಇಷ್ಟು ಬಿಟ್ಟಿವೆ?"

"ನಾನು ಮಲಗಿದ್ದ ಜಾಗ."

"ಹಾಗಾದ್ರೆ ಸರಿ." ಮಾವ ಕೋಲನ್ನು ಬದಿಗಿಟ್ಟರು, ಮಂಡಿಗೆ ಕೈ ಕೊಟ್ಟು ಬಗ್ಗಿದರು, ಕೂತರು, ಆಮೇಲೆ ಮೆಲ್ಲಗೆ ಆ ಹುಲ್ಲಿನ ಮೇಲೆ ಬೆನ್ನು ಚಾಚಿದರು. "ಅಳಿಯನ ಮನೆಗೆ ಬಂದೋರು ಒಂದು ಗಳಿಗೆ ಮಲಗಿ ಎದ್ದು ಹೋಗ್ಬೇಕಪ್ಪ. ಹಾಗೇ ಹೋದ್ರೆ ಮನೆಯೋರಿಗೆ ಬೇಜಾರಾಗುತ್ತೆ."

ಹಾಸಿಗೆಯವನು ಅಂಗಿ ಬಿಚ್ಚಿ, ಬೀಜಗಳನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಮಾವನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಅದರ ಕೆಳಗೆ ಇಟ್ಟ. ಮನೆಗೆ ಬಂದ ಮಾವನಿಗೆ ದಿಂಬಿಲ್ಲದಿದ್ದರೆ ಹೇಗೆ?